ದೊಂಬರಾಟ ಅಂದ್ರೆ ಬೈಗುಳವಾ?

ಬೆಂಗಳೂರಿನ ನಮ್ಮಂಥವರಿಗೆ ಬಿಡದಿ ಅನ್ನೋದು ಊರಲ್ಲ, ತಿಂಡಿ. ಶನಿವಾರ ಬೆಳಗ್ಗೆ ಆರಕ್ಕೆ ಗಾಡಿ ತೆಗೆದು, ಮೈಸೂರು ರಸ್ತೇಲಿ ಹೋಗಿ, ತಟ್ಟೆ ಇಡ್ಲಿ ಮೇಲೆ ಬೆಣ್ಣೆ ಕರಗೋದನ್ನ ಫೋಟೋ ತೆಗೆದು ಸ್ಟೇಟಸ್ ಹಾಕಿದ್ರೆ ವಾರಾಂತ್ಯ ಸಾರ್ಥಕ. 2024ರ ಅಕ್ಟೋಬರ್ ಕೊನೆಯ ಒಂದು ಶನಿವಾರ ನಮ್ಮ ಟೀಮಿನ ಐದು ಜನ ಹಾಗೇ ಹೋಗಿದ್ವಿ. ಹೋಟೆಲ್ಲಿನ ಗೋಡೆ ಮೇಲಿದ್ದ ಟಿವಿಯಲ್ಲಿ ಚನ್ನಪಟ್ಟಣ ಉಪಚುನಾವಣೆಯದ್ದೇ ಗಲಾಟೆ. ಸಿ.ಪಿ. ಯೋಗೇಶ್ವರ್ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿ ಮೂರ್ನಾಲ್ಕು ದಿನ ಆಗಿತ್ತಷ್ಟೆ. ಪರದೆಯ ಕೆಳಗೆ ಕೆಂಪು ಪಟ್ಟಿ, ಅದರಲ್ಲಿ ದಪ್ಪ ಅಕ್ಷರ: ರಾಜಕೀಯ ದೊಂಬರಾಟ.

ನಾನು ಇಡ್ಲಿ ಮುರೀತಾ, "ನಮ್ಮ ರಿಲೀಸ್ ಪ್ಲಾನಿಂಗೇ ವಾಸಿ ಗುರು, ಅದು ಇದಕ್ಕಿಂತ ಸ್ವಲ್ಪ ಕಮ್ಮಿ ದೊಂಬರಾಟ" ಅಂದೆ. ಮೂವರು ನಕ್ಕರು. ನಾಲ್ಕನೆಯವನು ನಗಲಿಲ್ಲ. ಟೆಸ್ಟಿಂಗ್ ಟೀಮಿನ ಹುಡುಗ, ಬಯಲುಸೀಮೆ ಕಡೆಯವನು, ನಮ್ಮ ಜೊತೆ ಕೆಲಸಕ್ಕೆ ಸೇರಿ ಎರಡು ವರ್ಷ. ಕಾಫಿ ಕುಡಿಯುವಾಗ ಬೇರೆಯವರು ಆಚೆ ಹೋಗಿದ್ದ ಹೊತ್ತು ನೋಡಿ, ಜಗಳ ಆಡೋ ದನಿಯಲ್ಲೇನೂ ಅಲ್ಲ, ಬಗ್ ರಿಪೋರ್ಟ್ ಮಾಡೋ ದನಿಯಲ್ಲೇ ಹೇಳಿದ: "ನಮ್ಮಜ್ಜಿ ಹಗ್ಗದ ಮೇಲೆ ನಡೀತಿದ್ರು. ನಾವು ಅದೇ ಜನ. ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ."

ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. "ಸಾರಿ, ನಾನು ಆ ಅರ್ಥದಲ್ಲಿ ಹೇಳಿದ್ದಲ್ಲ" ಅಂದೆ. ಅವನು "ಗೊತ್ತು, ಯಾರೂ ಆ ಅರ್ಥದಲ್ಲಿ ಹೇಳಲ್ಲ" ಅಂದು ಬಿಲ್ ಕೊಡಕ್ಕೆ ಎದ್ದ.

ಯಾರೂ ಆ ಅರ್ಥದಲ್ಲಿ ಹೇಳಲ್ಲ ಅನ್ನೋದೇ ನನಗೆ ಒಂದು ವರ್ಷದಿಂದ ಕಾಡ್ತಾ ಇರೋ ವಾಕ್ಯ. ಹಾಗಾದ್ರೆ ನಾವು ಯಾವ ಅರ್ಥದಲ್ಲಿ ಹೇಳ್ತೀವಿ?

ಮೊದಲು ಆಟದ ಬಗ್ಗೆ ಹೇಳ್ತೀನಿ, ಯಾಕಂದ್ರೆ ಆ ಪದ ಬಳಸೋ ನಮ್ಮಲ್ಲಿ ಅರ್ಧಕ್ಕರ್ಧ ಜನ ಅದನ್ನ ನೋಡೇ ಇಲ್ಲ. ನಾನು ನೋಡಿದ್ದು ಕನಕಪುರದ ಕಡೆ, ಅಜ್ಜಿ ಊರಲ್ಲಿ, ಬೇಸಿಗೆ ರಜೆಯಲ್ಲಿ. ಎರಡೆರಡು ಬಿದಿರಿನ ಗಳುಗಳನ್ನ ಕತ್ತರಿ ಥರ ಕಟ್ಟಿ ಎರಡು ಕಡೆ ನಿಲ್ಲಿಸ್ತಿದ್ರು. ನಡುವೆ ಹಗ್ಗ, ಹಗ್ಗದ ಎರಡು ತುದಿಗೂ ನೆಲದಲ್ಲಿ ಗೂಟ. ಅಪ್ಪ ಅನ್ನಿಸಿಕೊಂಡವನು ಗೂಟವನ್ನ ಮೂರು ಮೂರು ಸಲ ಒದ್ದು, ಹಗ್ಗವನ್ನ ಎಳೆದು ನೋಡ್ತಿದ್ದ. ಡೋಲು ಬಡಿಯೋ ಸದ್ದಿಗೆ ಊರು ಸೇರೋದು. ಆಮೇಲೆ ನನ್ನಷ್ಟೇ ವಯಸ್ಸಿನ ಒಂದು ಹುಡುಗಿ, ಕೈಯಲ್ಲಿ ಅಡ್ಡ ಗಳು ಹಿಡ್ಕೊಂಡು, ಹಗ್ಗದ ಮೇಲೆ ಈ ಕಡೆಯಿಂದ ಆ ಕಡೆಗೆ ನಡೀತಿದ್ಲು. ಒಮ್ಮೆ ಬರಿಗಾಲಲ್ಲಿ, ಇನ್ನೊಮ್ಮೆ ಪಾದದಡಿ ತಟ್ಟೆ ಇಟ್ಕೊಂಡು. ಕೆಳಗೆ ಅವಳ ತಾಯಿ ಅವಳ ಜೊತೆಜೊತೆಗೇ ನಡೀತಾ ಇರ್ತಿದ್ಲು, ಕಣ್ಣು ಮೇಲಕ್ಕೆ. ಜನ ಹುಡುಗಿಯನ್ನ ನೋಡ್ತಿದ್ರು. ನಮ್ಮಜ್ಜಿ ತಾಯಿಯನ್ನ ನೋಡ್ತಿದ್ರು.

ಆಟ ಮುಗಿದ ಮೇಲೆ ಮನೆ ಮನೆಗೆ ಬರ್ತಿದ್ರು. ಅಜ್ಜಿ ಮೊರದಲ್ಲಿ ರಾಗಿ ತಂದು ಹಾಕೋರು. "ಆಟದೋರು ಬಂದವ್ರೆ" ಅನ್ನೋರು. ದೊಂಬರು ಅಂತ ಅಜ್ಜಿ ಬಾಯಲ್ಲಿ ನಾನು ಕೇಳಿದ ನೆನಪಿಲ್ಲ. ಅಜ್ಜಿ ಜಾತಿ ನೋಡ್ತಿರ್ಲಿಲ್ಲ ಅಂತಲ್ಲ, ಚೆನ್ನಾಗೇ ನೋಡೋರು. ಅವರನ್ನ ಜಗಲಿ ಹತ್ತಿಸ್ತಿರಲಿಲ್ಲ. ಆದರೆ ಆಟಕ್ಕೆ ಬೈಗುಳದ ಅರ್ಥ ಅವರಿಗೆ ಗೊತ್ತಿರಲಿಲ್ಲ. ಆಟ ಅಂದ್ರೆ ಆಟ. ಕೊಟ್ಟ ರಾಗಿಗೆ ಮೀರಿದ ಕಷ್ಟ ಅದರಲ್ಲಿದೆ ಅಂತ ಅವರಿಗೆ ಗೊತ್ತಿತ್ತು.

ಈಗ ಟಿವಿ ಪಟ್ಟಿಗೆ ವಾಪಸ್ ಬರೋಣ. ಪದ ಹುಟ್ಟಿದ ಜಾಗದಿಂದ ಎಷ್ಟು ದೂರ ಹೋಗಿದೆ ಅಂತ ನೋಡೋಕೆ ರಾಮನಗರ ಜಿಲ್ಲೆಗಿಂತ ಒಳ್ಳೇ ಜಾಗ ಇಲ್ಲ. ಯಾಕಂದ್ರೆ ಆ ಪದ ಯಾವ್ಯಾವ ಘಟನೆಗೆ ಅಂಟುತ್ತೋ ಅವುಗಳಲ್ಲಿ ಒಂದು ಪಾಲು ನಡೆದದ್ದು ಇಲ್ಲೇ. 2017ರ ಜುಲೈ ಕೊನೆಯಲ್ಲಿ ಗುಜರಾತಿನ 44 ಕಾಂಗ್ರೆಸ್ ಶಾಸಕರನ್ನ ವಿಮಾನದಲ್ಲಿ ತಂದು ಇಟ್ಟಿದ್ದು ಬಿಡದಿಯ ಈಗಲ್‌ಟನ್ ರೆಸಾರ್ಟಿನಲ್ಲಿ, ರಾಜ್ಯಸಭಾ ಚುನಾವಣೆಯಲ್ಲಿ ಯಾರೂ ಜಾರಿಹೋಗದಿರಲಿ ಅಂತ. 2018ರ ಮೇ ತಿಂಗಳಲ್ಲಿ ವಿಧಾನಸಭೆ ಅತಂತ್ರವಾದಾಗ ನಮ್ಮದೇ ಕಾಂಗ್ರೆಸ್ ಶಾಸಕರು ಅದೇ ರೆಸಾರ್ಟಿಗೆ ಬಂದರು, ಅಲ್ಲಿಂದ ಹೈದರಾಬಾದಿಗೆ ಹೋದರು. 2019ರ ಜನವರಿಯಲ್ಲಿ ಮತ್ತೆ ಅಲ್ಲಿಗೇ ಬಂದರು. ಆ ಸಲ ಇಬ್ಬರು ಶಾಸಕರ ನಡುವೆ ಹೊಡೆದಾಟವಾಗಿ ಒಬ್ಬರು ಆಸ್ಪತ್ರೆ ಸೇರಿದರು.

ರೆಸಾರ್ಟಿನ ಆಚೆಯೂ ಕಮ್ಮಿ ಏನಿಲ್ಲ. 2018ರ ನವೆಂಬರಿನ ರಾಮನಗರ ಉಪಚುನಾವಣೆಯಲ್ಲಿ ಬಿಜೆಪಿ ಅಭ್ಯರ್ಥಿ ಮತದಾನಕ್ಕೆ ಎರಡೇ ದಿನ ಇರುವಾಗ ಕಣದಿಂದ ಹಿಂದೆ ಸರಿದು ಕಾಂಗ್ರೆಸ್ಸಿಗೆ ವಾಪಸಾದರು. ಮತಯಂತ್ರದಲ್ಲಿ ಹೆಸರಿತ್ತು, ಕಣದಲ್ಲಿ ಮನುಷ್ಯ ಇರಲಿಲ್ಲ. ಇನ್ನು ಚನ್ನಪಟ್ಟಣದಲ್ಲಿ ಯೋಗೇಶ್ವರ್ 1999ರಲ್ಲಿ ಪಕ್ಷೇತರರಾಗಿ, 2004 ಮತ್ತು 2008ರಲ್ಲಿ ಕಾಂಗ್ರೆಸ್ಸಿಂದ, 2011ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ, 2013ರಲ್ಲಿ ಸಮಾಜವಾದಿ ಪಕ್ಷದಿಂದ, 2018 ಮತ್ತು 2023ರಲ್ಲಿ ಮತ್ತೆ ಬಿಜೆಪಿಯಿಂದ ನಿಂತವರು. 2024ರಲ್ಲಿ ಕಾಂಗ್ರೆಸ್ಸಿಂದ ನಿಂತು 25,413 ಮತಗಳಿಂದ ಗೆದ್ದರು. ಇದರಲ್ಲಿ ಯಾವುದೂ ಕಾನೂನಿಗೆ ವಿರುದ್ಧ ಅಲ್ಲ, ಮತದಾರರು ಒಪ್ಪಿಕೊಂಡೂ ಇದ್ದಾರೆ. ನನ್ನ ತಕರಾರು ಅವರ ಮೇಲಲ್ಲ. ಇದಕ್ಕೆ ನಾವು ಕೊಡೋ ಹೆಸರಿನ ಮೇಲೆ.

ಹೋಲಿಕೆ ಅಂದ ಮೇಲೆ ಎರಡು ವಸ್ತುಗಳ ನಡುವೆ ಏನಾದರೂ ಹೋಲಬೇಕು. ಹಗ್ಗದ ಮೇಲೆ ನಡೆಯೋಳು ಎರಡೂ ಕಡೆ ವಾಲದೆ ನಡುವಲ್ಲಿ ಇರೋದೇ ಅವಳ ವಿದ್ಯೆ. ಪಕ್ಷದಿಂದ ಪಕ್ಷಕ್ಕೆ ಹಾರೋದು ಅದರ ಪೂರ್ತಿ ಉಲ್ಟಾ. ಅವಳು ಬಿದ್ದರೆ ಮುರಿಯೋದು ಅವಳ ಮೂಳೆ. ಇವರು ಬಿದ್ದರೆ ಕೆಳಗೆ ನಿಗಮ ಮಂಡಳಿ ಅನ್ನೋ ಬಲೆ ಇರುತ್ತೆ. ಅವಳ ಆಟ ನಡು ಬೀದಿಯಲ್ಲಿ, ಹಗಲು ಹೊತ್ತಲ್ಲಿ, ಎಲ್ಲರ ಕಣ್ಣೆದುರಿಗೆ. ರೆಸಾರ್ಟಿನ ಆಟ ಗೇಟ್ ಹಾಕಿ, ಫೋನ್ ಇಸ್ಕೊಂಡು. ಅವಳು ಆಟ ಮುಗಿದ ಮೇಲೆ ಕೈ ಚಾಚ್ತಾಳೆ, ಕೊಟ್ಟರೆ ಕೊಡಿ ಇಲ್ಲಾಂದ್ರೆ ಇಲ್ಲ. ಇವರ ಲೆಕ್ಕ ಆಟಕ್ಕೆ ಮುಂಚೆಯೇ ಚುಕ್ತಾ ಆಗಿರುತ್ತೆ ಅಂತ ಜನ ಮಾತಾಡ್ಕೋತಾರೆ. ಯಾವ ಕಡೆಯಿಂದ ನೋಡಿದ್ರೂ ಹೋಲಿಕೆ ಕೂರಲ್ಲ. ಆದರೂ ಪದ ಓಡ್ತಾ ಇದೆ. ಹೋಲಿಕೆ ಕೂರದೆ ಇದ್ರೂ ಪದ ಓಡ್ತಾ ಇದೆ ಅಂದ್ರೆ ಅದನ್ನ ಓಡಿಸ್ತಾ ಇರೋದು ಆಟ ಅಲ್ಲ, ಆಟ ಆಡೋರ ಮೇಲಿನ ತಾತ್ಸಾರ. ಶೀರ್ಷಿಕೆ ಬರೆದವರ ಮನಸ್ಸಲ್ಲಿ ಆ ತಾತ್ಸಾರ ಇದೆ ಅಂತ ನಾನು ಹೇಳ್ತಿಲ್ಲ. ಪದದ ಹೊಟ್ಟೆಯಲ್ಲಿ ಇದೆ. ಶಾಸಕರನ್ನ ಕೆಳಗಿಳಿಸಬೇಕು ಅಂದಾಗ ನಮ್ಮ ಭಾಷೆ ಒಂದು ಮೆಟ್ಟಿಲು ತೋರಿಸುತ್ತೆ. ಆ ಮೆಟ್ಟಿಲಲ್ಲಿ ಒಂದು ಜನ ಕೂತಿದ್ದಾರೆ.

ಸಣ್ಣ ಪುಟ್ಟ ಆಟಗಳ ಹೆಸರು ಬೈಗುಳ ಆಗೋದು ಕನ್ನಡಕ್ಕೆ ಮಾತ್ರ ಬಂದ ಕಾಯಿಲೆ ಅಲ್ಲ. ಹಿಂದಿಯಲ್ಲಿ ನೌಟಂಕಿ ಅನ್ನೋದು ಹಾಡು ಕುಣಿತದ ಒಂದು ದೊಡ್ಡ ರಂಗಪ್ರಕಾರ. ಇವತ್ತು ಅಲ್ಲಿ "ನೌಟಂಕಿ ಮಾಡಬೇಡ" ಅಂದ್ರೆ ಸುಳ್ಳು ನಾಟಕ ಸಾಕು ಅಂತ. ತಮಾಷಾ ಮರಾಠಿಯವರ ಜನಪ್ರಿಯ ರಂಗಕಲೆ. ಅರಬ್ಬಿಯಿಂದ ಫಾರ್ಸಿಗೆ, ಅಲ್ಲಿಂದ ನಮ್ಮ ಕಡೆಗೆ ಬಂದ ಆ ಪದ ಕನ್ನಡದಲ್ಲಿ ಎರಡಾಗಿ ಸೀಳಿಕೊಂಡಿದೆ: ತಮಾಷೆ ಮಾಡೋದು ಅಂದ್ರೆ ಜೋಕು, ತಮಾಷೆ ನೋಡೋದು ಅಂದ್ರೆ ಬೇರೆಯವರ ಕಷ್ಟಕ್ಕೆ ಕೈ ಕಟ್ಕೊಂಡು ನಿಲ್ಲೋದು. ನಾಟಕ ಆಡ್ತಾನೆ, ಡ್ರಾಮಾ ಮಾಡ್ತಾಳೆ, ಸೀನ್ ಕ್ರಿಯೇಟ್ ಮಾಡ್ತಾರೆ, ಎಲ್ಲವೂ ಅದೇ ಸಾಲಿನವು.

ಆದರೆ ಗಮನಿಸಿ, ಈ ಪಟ್ಟಿಗೆ ಎಲ್ಲಾ ಕಲೆಗಳೂ ಬರಲ್ಲ. ರಾಜಕೀಯ ಭರತನಾಟ್ಯ ಅಂತ ಯಾವ ಶೀರ್ಷಿಕೆಯೂ ಬರಲ್ಲ. ಅಧಿವೇಶನದಲ್ಲಿ ಶಾಸ್ತ್ರೀಯ ಸಂಗೀತ ಅಂತ ಯಾರೂ ಬೈಯಲ್ಲ. ಯಾವ ಕಲೆಗೆ ಸಭಾಂಗಣ, ಟಿಕೆಟ್ಟು, ಅಕಾಡೆಮಿ, ಶಾಲು ಹಾರ ಇದೆಯೋ ಅದು ಬೈಗುಳ ಆಗೋದಿಲ್ಲ. ಬೀದಿಯಲ್ಲಿ ನಡೆದು, ಮುಗಿದ ಮೇಲೆ ಕೈ ಒಡ್ಡುವ ಕಲೆ ಮಾತ್ರ ಆಗುತ್ತೆ. ಹಗಲುವೇಷ, ಬುಡುಬುಡಿಕೆ, ಕೋತಿ ಕುಣಿಸೋದು, ದೊಂಬರಾಟ. ಇವುಗಳನ್ನ ಒಂದು ಸಾಲಲ್ಲಿ ಬರೆದರೆ ಊರಾಚೆ ಗುಡಾರ ಹಾಕ್ತಿದ್ದ ಜನರ ಪಟ್ಟಿಯೇ ಸಿಗುತ್ತೆ.

ಇದನ್ನ ಇನ್ನೊಂದು ಕಡೆಯಿಂದ ನೋಡಿ. ರಾಮದೇವರ ಬೆಟ್ಟದ ಸುತ್ತ 'ಶೋಲೆ' ಚಿತ್ರೀಕರಣ ಆದಾಗ, ಬಸಂತಿಯ ಕುದುರೆ ಗಾಡಿ ಓಟದಲ್ಲಿ ಹೇಮಾ ಮಾಲಿನಿ ಬದಲಿಗೆ ಅಪಾಯದ ಭಾಗ ಮಾಡಿದ್ದು ರೇಷ್ಮಾ ಪಠಾಣ್ ಅನ್ನೋ ಸ್ಟಂಟ್ ಕಲಾವಿದೆ. ನಮ್ಮ ಸಿನಿಮಾಗಳ ಟೈಟಲ್ ಕಾರ್ಡಿನಲ್ಲಿ ಇಂಥ ಕೆಲಸಕ್ಕೆ ಒಂದು ಒಳ್ಳೇ ಹೆಸರಿದೆ: ಸಾಹಸ. 2016ರ ನವೆಂಬರ್ 7ರಂದು ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಅನಿಲ್ ಮತ್ತು ಉದಯ್ ಮೇಲೆ ಬರಲೇ ಇಲ್ಲ. ಇಡೀ ನಾಡು ಅತ್ತಿತು, ಅಳಬೇಕಾದದ್ದೇ. ಆ ದಿನ ಯಾರೂ ಅವರ ಕೆಲಸವನ್ನ ದೊಂಬರಾಟ ಅನ್ನಲಿಲ್ಲ. ಜೀವ ಪಣಕ್ಕಿಟ್ಟು ಜನರನ್ನ ರಂಜಿಸೋದು ಕ್ಯಾಮೆರಾ ಮುಂದೆ ಆದ್ರೆ ಸಾಹಸ, ಸಂತೆ ಮೈದಾನದಲ್ಲಿ ಆದ್ರೆ ದೊಂಬರಾಟ. ಮೈಯ ಕೆಲಸ ಒಂದೇ. ನೋಡೋರು ಕೂತಿರೋ ಕುರ್ಚಿ ಬೇರೆ.

ತಮಿಳಿನಲ್ಲಿ ಇದೇ ಆಟದವರಿಗೆ ಕಳೈಕ್ಕೂತ್ತಾಡಿ ಅಂತಾರೆ. ಕಳೈ ಅಂದ್ರೆ ಬಿದಿರು. ಬಿದಿರಿನ ಮೇಲೆ ಆಡುವವರು. ಅಂದರೆ ಅಲ್ಲಿ ಹೆಸರು ಬಂದಿರೋದು ಕೆಲಸದಿಂದ. ನಮ್ಮಲ್ಲಿ ಹೆಸರು ಬಂದಿರೋದು ಜನದಿಂದ. ದೊಂಬ, ಡೊಂಬ ಎರಡೂ ರೂಪ ಇವೆ, ತೆಲುಗಿನಲ್ಲಿ ದೊಮ್ಮರಿ. ಸಂಸ್ಕೃತ ಪಠ್ಯಗಳಲ್ಲೂ ಡೋಂಬ ಇದೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಡೊಂಬರ ಅನ್ನೋದು ಇವತ್ತಿಗೂ ಇರುವ ಹೆಸರು. ಹಾಗಾಗಿ ದೊಂಬರಾಟ ಅನ್ನೋದು ನೌಟಂಕಿ ಥರ ಒಂದು ಕಲೆಯ ಹೆಸರು ಮಾತ್ರ ಅಲ್ಲ. ಒಂದು ಜಾತಿ ಪ್ರಮಾಣಪತ್ರದ ಮೇಲೆ ಅಚ್ಚಾಗೋ ಹೆಸರು. ನನ್ನ ಸಹೋದ್ಯೋಗಿಗೆ ಹೊತ್ತಿದ್ದು ಅದೇ. ಕಾಲೇಜು ಸೇರುವಾಗ ಕೌಂಟರಿನಲ್ಲಿ ಕೊಟ್ಟ ಕಾಗದದ ಮೇಲಿದ್ದ ಪದ, ಇಡ್ಲಿ ಹೋಟೆಲಿನ ಟಿವಿಯಲ್ಲಿ ಕೆಂಪು ಪಟ್ಟಿಯ ಮೇಲೆ ಓಡ್ತಾ ಇತ್ತು.

ಈ ಹೆಸರಿನ ಪಯಣ ಸಣ್ಣದಲ್ಲ. ಯುರೋಪಿನ ರೋಮಾ ಜನ, ಅರ್ಮೇನಿಯಾದ ಕಡೆಯ ಲೋಮ್, ಪಶ್ಚಿಮ ಏಷ್ಯಾದ ಡೋಮ್, ಈ ಮೂರೂ ಹೆಸರುಗಳು ಇದೇ ಡೋಂಬ ಮೂಲದಿಂದ ಬಂದವು ಅನ್ನೋದು ಭಾಷಾತಜ್ಞರ ಸಾಮಾನ್ಯ ಅಭಿಪ್ರಾಯ. ಸಾವಿರ ವರ್ಷದ ಹಿಂದೆ ಇಲ್ಲಿಂದ ಹೊರಟವರ ಭಾಷೆಯಲ್ಲಿ ಇವತ್ತಿಗೂ ನಮ್ಮ ಕಡೆಯ ಪದಗಳಿವೆ. ಅಲ್ಲೂ ಅವರ ಹೆಸರಿಗೆ ಇದೇ ಗತಿ ಆಯ್ತು. ಜಿಪ್ಸಿ ಅನ್ನೋ ಪದದಿಂದ ಇಂಗ್ಲಿಷಿನಲ್ಲಿ 'ಜಿಪ್' ಅನ್ನೋ ಕ್ರಿಯಾಪದ ಬಂತು, ಅರ್ಥ ಮೋಸ ಮಾಡು ಅಂತ. ಎಷ್ಟೋ ವರ್ಷ ಯಾರೂ ಯೋಚಿಸದೆ ಬಳಸಿದರು, 'ಯಾರೂ ಆ ಅರ್ಥದಲ್ಲಿ' ಹೇಳ್ತಿರಲಿಲ್ಲ. ಈಗ ಜವಾಬ್ದಾರಿ ಇರೋ ಪತ್ರಿಕೆಗಳು ಅದನ್ನ ದೂರ ಇಡುತ್ತವೆ. ಅಮೆರಿಕದ ಕೀಟಶಾಸ್ತ್ರಜ್ಞರ ಸಂಘ 2021ರಲ್ಲಿ ಜಿಪ್ಸಿ ಮಾತ್ ಅನ್ನೋ ಪತಂಗದ ಹೆಸರನ್ನೇ ಕೈಬಿಟ್ಟು, ಮಾರನೇ ವರ್ಷ ಸ್ಪಾಂಜಿ ಮಾತ್ ಅಂತ ಹೊಸ ಹೆಸರಿಟ್ಟಿತು. ಒಂದು ಹುಳುವಿನ ಹೆಸರಿಗೇ ಅಷ್ಟು ತಲೆ ಕೆಡಿಸಿಕೊಂಡರು. ನಮ್ಮ ಆಫೀಸಿನಲ್ಲಿ ಕೋಡ್ ಬ್ರಾಂಚುಗಳಿಗೆ 'ಮಾಸ್ಟರ್' ಅನ್ನೋ ಹೆಸರು ಬೇಡ ಅಂತ ಇಮೇಲ್ ಬಂದಾಗ ನಾವೆಲ್ಲಾ ಒಂದೇ ವಾರದಲ್ಲಿ ಬದಲಾಯಿಸಿದ್ವಿ. ಅಮೆರಿಕದ ಗಾಯಕ್ಕೆ ನಮ್ಮ ಭಾಷೆ ಎಷ್ಟು ಬೇಗ ಬಾಗುತ್ತೆ! ನಮ್ಮದೇ ಪಕ್ಕದ ಕುರ್ಚಿಯ ಗಾಯಕ್ಕೆ ಮಾತ್ರ 'ಅದು ಬರೀ ನುಡಿಗಟ್ಟು ಕಣ್ರೀ' ಅಂತೀವಿ.

ಈ ಜಾಗದಲ್ಲಿ ಒಬ್ಬರಾದರೂ ಓದುಗರು ಗೊಣಗಿರ್ತಾರೆ: "ಹಿಂಗೆ ಒಂದೊಂದೇ ಪದ ಕಿತ್ತು ಹಾಕ್ತಾ ಹೋದ್ರೆ ಭಾಷೆಯಲ್ಲಿ ಉಪ್ಪು ಖಾರ ಏನು ಉಳಿಯುತ್ತೆ?" ನ್ಯಾಯವಾದ ಪ್ರಶ್ನೆ. ನಾನು ಪದ ಕಿತ್ತು ಹಾಕಿ ಅಂತಿಲ್ಲ. ಉಪ್ಪು ಖಾರಕ್ಕೆ ಬರ ಏನೂ ಇಲ್ಲ. ಶಾಸಕರು ಸಂಪುಟಕ್ಕೆ ಒದ್ದಾಡ್ತಿದ್ರೆ ಕಸರತ್ತು ಅನ್ನಿ. ನಾಯಕರು ಇಬ್ಬರನ್ನ ಒಟ್ಟಿಗೆ ಸಮಾಧಾನ ಮಾಡ್ತಿದ್ರೆ ಸರ್ಕಸ್ ಅನ್ನಿ. ಮೊದಲೇ ತೀರ್ಮಾನ ಆಗಿರೋದಕ್ಕೆ ಸಭೆ ಕರೆದರೆ ಪ್ರಹಸನ ಅನ್ನಿ. ಏನು ಮಾಡಿದ್ರೂ ಆಗಲ್ಲ ಅನ್ನೋಕೆ ತಿಪ್ಪರಲಾಗ ಹಾಕಿದ್ರೂ ಆಗಲ್ಲ ಅನ್ನಿ. ಪಕ್ಷ ಬಿಟ್ಟರೆ ಪಕ್ಷಾಂತರ, ವಂಚಿಸಿದರೆ ವಂಚನೆ, ಮಾರಿಕೊಂಡರೆ ಮಾರಾಟ. ನೋಡಿ, ಈ ಪದಗಳೆಲ್ಲಾ ದೊಂಬರಾಟಕ್ಕಿಂತ ಖಾರವಾಗೇ ಇವೆ. ದೊಂಬರಾಟ ಅನ್ನೋದು ನಿಜಕ್ಕೂ ಮೆತ್ತಗಿನ ಪದ. ಅದು ಅಪರಾಧವನ್ನ ಆಟ ಮಾಡುತ್ತೆ. ಮತದಾರನಿಗೆ ಆದ ಮೋಸವನ್ನ ಮನರಂಜನೆ ಮಾಡುತ್ತೆ. ನಾವು ಇಡ್ಲಿ ತಿನ್ನುತ್ತಾ ನಕ್ಕು ಮುಂದಕ್ಕೆ ಹೋಗ್ತೀವಿ. ಅವಮಾನ ಆಗೋದು ಮಾತ್ರ ಶಾಸಕರಿಗಲ್ಲ, ಅಲ್ಲಿ ಇಲ್ಲದ ಯಾರಿಗೋ. ಟೀಕೆಯಾಗಿಯೂ ಆ ಪದ ಕೆಲಸ ಮಾಡ್ತಿಲ್ಲ ಅನ್ನೋದು ನನ್ನ ಎರಡನೇ ತಕರಾರು.

ಆಟದವರ ಹೆಸರನ್ನ ಕನ್ನಡ ಬೇರೆ ಥರಾನೂ ಬಳಸಿದೆ. 12ನೇ ಶತಮಾನದಲ್ಲಿ ವೇಷ ಹಾಕಿ ಊರೂರು ತಿರುಗುವ ಕಾಯಕದ ಬಹುರೂಪಿ ಚೌಡಯ್ಯ ವಚನಕಾರರಾದರು. ಕಾಯಕದ ಹೆಸರು ಅವರ ಹೆಸರಿನ ಮುಂದೆ ಪದವಿಯಂತೆ ನಿಂತಿದೆ. ಮೈಸೂರಿನ ರಂಗಾಯಣ ತನ್ನ ರಾಷ್ಟ್ರೀಯ ನಾಟಕೋತ್ಸವಕ್ಕೆ 'ಬಹುರೂಪಿ' ಅಂತಲೇ ಹೆಸರಿಟ್ಟಿದೆ. ಡಾ. ಎಂ. ಶಿವರಾಂ 1942ರಲ್ಲಿ ಹಾಸ್ಯಪತ್ರಿಕೆ ಶುರು ಮಾಡಿದಾಗ, ಕಣಿ ಹೇಳುವ ಕೊರವ ಹೆಣ್ಣಿನ ಹೆಸರಾದ 'ಕೊರವಂಜಿ'ಯನ್ನ ಆರಿಸಿಕೊಂಡರು. ಎದುರಿಗಿರೋರ ಮುಖ ನೋಡಿ ನಿಜ ಹೇಳೋಳು ಅನ್ನೋ ಅರ್ಥದಲ್ಲಿ. 1967ರ ತನಕ ಕನ್ನಡಿಗರು ಆ ಹೆಸರನ್ನ ಪ್ರೀತಿಯಿಂದ ಹೇಳಿದರು. ಅಂದರೆ ಪದದಲ್ಲಿ ಜನದ ಹೆಸರು ಇರೋದೇ ತಪ್ಪಲ್ಲ. ಆ ಹೆಸರು ವಾಕ್ಯದಲ್ಲಿ ಎಲ್ಲಿ ಕೂರುತ್ತೆ, ಮೇಲೋ ಕೆಳಗೋ, ಅದು ಮುಖ್ಯ.

ಇಷ್ಟೆಲ್ಲಾ ಯೋಚಿಸಿಕೊಂಡು, ಸ್ವಲ್ಪ ಹೆಮ್ಮೆಯಿಂದಲೇ, ನಾನು ಮತ್ತೆ ನನ್ನ ಸಹೋದ್ಯೋಗಿ ಹತ್ತಿರ ಮಾತಾಡಿದೆ. ಈ ಸಲ ಜಾನಪದ ಲೋಕದಲ್ಲಿ. ಅದು ನಿಮಗೆ ಗೊತ್ತಿರುತ್ತೆ: ರಾಮನಗರ ದಾಟಿದ ಮೇಲೆ ಹೆದ್ದಾರಿ ಪಕ್ಕದಲ್ಲೇ, ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ಐಎಎಸ್ ಅಧಿಕಾರಿಯಾಗಿದ್ದ ಅವರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಶುರು ಮಾಡಿ, 15 ಎಕರೆಯಲ್ಲಿ ಮಾಡಿದ ಈ ಲೋಕ 1994ರಲ್ಲಿ ಬಾಗಿಲು ತೆರೆಯಿತು. ಗೊಂಬೆ, ಮುಖವಾಡ, ವಾದ್ಯ, ನೇಗಿಲು, ಒನಕೆ, ಎಲ್ಲಾ ಇದೆ. ನಾನು ಅಲ್ಲಿ ನಿಂತು ಭಾಷಣ ಮಾಡಿದೆ. ಪದವನ್ನ ಬೈಗುಳದಿಂದ ಬಿಡಿಸಬೇಕು, ಅದಕ್ಕೆ ಗೌರವ ವಾಪಸ್ ಕೊಡಬೇಕು, ನಿಮ್ಮಜ್ಜಿ ಕಲೆ ಇಲ್ಲಿ ಇರಬೇಕು, ಇತ್ಯಾದಿ.

ಅವನು ಪೂರ್ತಿ ಕೇಳಿಸಿಕೊಂಡ. "ಅಜ್ಜಿಗೆ ಆ ಆಟ ಇಷ್ಟಾನೇ ಇರ್ಲಿಲ್ಲ" ಅಂದ. "ಏಳು ವರ್ಷಕ್ಕೆ ಹಗ್ಗ ಹತ್ತಿಸಿದ್ರಂತೆ. ಒಂದ್ಸಲ ಬಿದ್ದು ಸೊಂಟ ಹೋಯ್ತು, ಸಾಯೋ ತನಕ ಕುಂಟುತ್ತಿದ್ರು. ನಮ್ಮಪ್ಪನ್ನ ಹಗ್ಗ ಮುಟ್ಟಕ್ಕೆ ಬಿಡ್ಲಿಲ್ಲ, ಸ್ಕೂಲಿಗೆ ಹಾಕಿದ್ರು. ನೀವು ಅದನ್ನ ಕಲೆ ಅಂತೀರಿ. ಅವರಿಗೆ ಅದು ಹೊಟ್ಟೆಪಾಡು. ನಂಗೆ ಗೌರವ ಎಲ್ಲಾ ಬೇಡ. ಸುಮ್ನೆ ಬಿಟ್ಬಿಡಿ ಸಾಕು."

ಅಲ್ಲಿ ನನ್ನ ಅರ್ಧ ವಾದ ಬಿತ್ತು, ಬೀಳಬೇಕಾಗಿದ್ದೇ. ತಟ್ಟೆ ಮೇಲೆ ಪಾದ ಇಟ್ಟ ಆ ಹುಡುಗಿಯನ್ನ ನಾನು ಇಷ್ಟು ವರ್ಷ ನೆನಪಲ್ಲಿ ಚಂದವಾಗಿ ಇಟ್ಟುಕೊಂಡಿದ್ದೆ. ಆ ದಿನ ನಾನು ಬೇಸಿಗೆ ರಜೆಯಲ್ಲಿದ್ದೆ. ಅವಳಿಗೆ ರಜೆ ಅನ್ನೋದು ಇತ್ತಾ ಅಂತ ಯೋಚಿಸಿರಲಿಲ್ಲ. ಮಕ್ಕಳು ಹಗ್ಗ ಹತ್ತೋದು ಕಾನೂನಿಗೆ ವಿರುದ್ಧ ಆಗಿದೆ, ಆಗಬೇಕಾಗಿತ್ತು. ಆದರೆ ಆಟ ನಿಲ್ಲಿಸೋಕೆ ನಮ್ಮ ಕಾನೂನುಗಳು ಯಾವಾಗಲೂ ಇಷ್ಟು ಒಳ್ಳೇ ಕಾರಣ ಇಟ್ಟುಕೊಂಡಿರಲಿಲ್ಲ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಊರೂರು ಅಲೆಯುವ ಎಷ್ಟೋ ಸಮುದಾಯಗಳನ್ನ ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿತು. ಅದು ರದ್ದಾಗಿದ್ದು 1952ರಲ್ಲಿ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ ಬೀದಿಯಲ್ಲಿ ಹಾಡೋದು, ಕುಣಿಯೋದು, ಆಟ ತೋರಿಸೋದು ಎಲ್ಲವನ್ನೂ ಭಿಕ್ಷೆ ಅಂತಲೇ ಬರೆಯಿತು. ಮೊದಲು ಅಪರಾಧ, ಆಮೇಲೆ ಭಿಕ್ಷೆ. ಈಗ ಆಟ ಹೆಚ್ಚುಕಮ್ಮಿ ನಿಂತೇ ಹೋಗಿದೆ, ಉಳಿದಿರೋದು ಬೈಗುಳ. ಆಡೋರು ಬಿಟ್ಟು ಬಂದ ಆಟವನ್ನ ನಾವು ಬಿಡ್ತಾ ಇಲ್ಲ.

2025ರ ಆಗಸ್ಟಿನಲ್ಲಿ ಒಳಮೀಸಲಾತಿ ವಿಷಯ ಬಂದಾಗ ಇದೇ ಮಾತು ನೆನಪಾಯ್ತು. ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ 59 ಅಲೆಮಾರಿ ಸಮುದಾಯಗಳಿಗೆ ಅಂತಲೇ ಪ್ರತ್ಯೇಕವಾಗಿ ಶೇ 1ರಷ್ಟು ಶಿಫಾರಸು ಮಾಡಿತ್ತು. ಸಂಪುಟ 6–6–5 ಅಂತ ಮೂರು ಭಾಗ ಮಾಡಿ, ಅವರನ್ನ ದೊಡ್ಡ ಸಮುದಾಯಗಳ ಜೊತೆ ಒಂದೇ ಗುಂಪಿಗೆ ಸೇರಿಸಿತು. ಅಲೆಮಾರಿಗಳು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಆ ಸುದ್ದಿ ನಮ್ಮ ಆಫೀಸಿನ ಊಟದ ಟೇಬಲ್ಲಿಗೆ ಬರಲೇ ಇಲ್ಲ. ಅಧಿಕಾರದ ಜಗಳಕ್ಕೆ ಅವರ ಹೆಸರು ದಿನಾ ಬೇಕು, ಅವರ ಜಗಳಕ್ಕೆ ನಮ್ಮ ಹತ್ತಿರ ಹೆಸರೇ ಇಲ್ಲ.

ಈ ಜಿಲ್ಲೆಗೆ ಹೆಸರು ಬದಲಾಗೋದು ಹೊಸದಲ್ಲ. ಬ್ಯಾರಿ ಕ್ಲೋಸ್ ಅನ್ನೋ ಅಧಿಕಾರಿ ಹೆಸರಲ್ಲಿ ಕ್ಲೋಸ್‌ಪೇಟೆ ಆಗಿದ್ದ ಊರು ರಾಮನಗರ ಆಯ್ತು, 2007ರಲ್ಲಿ ರಾಮನಗರ ಜಿಲ್ಲೆ ಆಯ್ತು, 2025ರಲ್ಲಿ ಆ ಜಿಲ್ಲೆಯೇ ಬೆಂಗಳೂರು ದಕ್ಷಿಣ ಆಯ್ತು. ಅದಕ್ಕೆ ಸಂಪುಟ ಸಭೆ, ಅಧಿಸೂಚನೆ, ಪರ ವಿರೋಧದ ಹೇಳಿಕೆ ಎಲ್ಲಾ ಬೇಕಾಯ್ತು. ಟಿವಿಯ ಕೆಂಪು ಪಟ್ಟಿಯಲ್ಲಿ ಒಂದು ಪದ ಬದಲಾಗೋಕೆ ರಾತ್ರಿ ಪಾಳಿಯ ಒಬ್ಬ ಕಾಪಿ ಎಡಿಟರ್ ಸಾಕು. ಊಟದ ಟೇಬಲ್ಲಲ್ಲಿ ಬದಲಾಗೋಕೆ ಅಷ್ಟೂ ಬೇಡ.

ದೊಂಬರಾಟ ಅನ್ನೋ ಪದ ನಿಘಂಟಿನಲ್ಲಿ ಇರಲಿ. ಹಗ್ಗ, ಗಳು, ಡೋಲು, ಕೆಳಗೆ ನಡೀತಿದ್ದ ತಾಯಿ, ಇದರ ಬಗ್ಗೆ ಯಾರಾದರೂ ಬರೆದರೆ ಆ ಪದವೇ ಬೇಕು. ಬೇರೆ ಎಲ್ಲಾ ಕಡೆ ಸುಮ್ಮನೆ ಬಿಟ್ಟುಬಿಡೋಣ. ಅವನು ಕೇಳಿದ್ದೂ ಅಷ್ಟೇ.

ಕಳೆದ ತಿಂಗಳು ರಿಲೀಸ್ ಮತ್ತೆ ಮುಂದಕ್ಕೆ ಹೋಯ್ತು. ಗ್ರೂಪಿನಲ್ಲಿ ನಾನು ಬರೆದೆ: "ಏನ್ ಸರ್ಕಸ್ಸಪ್ಪಾ ಇದು." ಅವನು ಒಂದು ನಗುವಿನ ಇಮೋಜಿ ಹಾಕಿ, ಕೆಳಗೆ ಬಾಕಿ ಇರೋ ಬಗ್‌ಗಳ ಪಟ್ಟಿ ಕಳಿಸಿದ. ಹದಿನೇಳು ಇದ್ದವು. ಅದರಲ್ಲಿ ನಾಲ್ಕು ನನ್ನವು.